ಮೂರು ಸಾವಿರದ ನೂರ ಹನ್ನೆರಡು ಜನ

ಮೊಟ್ ಎಂಟು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡು ಬರೆದ ಚಿತ್ರಗಳನ್ನು ಲಮಾಯ್ ದೊಡ್ಡಮ್ಮ ಎರಡು ನಿಮಿಷ ನೋಡಿದಳು. ಫೋನಿನ ಪರದೆಯನ್ನು ಬೆರಳಿನಿಂದ ಸರಿಸಿ ಸರಿಸಿ, ಕನ್ನಡಕ ತೆಗೆದು ಕುಪ್ಪಸದ ತುದಿಯಿಂದ ಒರೆಸಿ, "ಚೆನ್ನಾಗಿದೆ" ಎಂದಳು. ಆಮೇಲೆ ಅವಳು ಆಡಿದ ಮಾತು ಮೊಟ್‌ನ ಹೊಟ್ಟೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು.

"ಎಷ್ಟು ಜನ ಉಣ್ಣೋರು ಅಂತ ಕೇಳದೆ ಯಾರಾದ್ರೂ ಅನ್ನಕ್ಕೆ ಇಡ್ತಾರೇನೋ? ಮೊದಲು ಜನಕ್ಕೆ ಬೇಕಾ ಕೇಳು. ಇಂಟರ್ನೆಟ್ಟಲ್ಲಿ ಒಂದು ಪುಟ ಮಾಡಿ ಹಾಕು. ಇಂಥಾದ್ದು ಬರ್ತಾ ಇದೆ, ಬೇಕಾದೋರು ಹೆಸರು ಬರೆಸಿ ಅನ್ನು. ಎರಡು ವಾರದಲ್ಲಿ ಮೂರು ಸಾವಿರ ಹೆಸರು ಬಂದ್ರೆ ಎಲ್ಲಾ ನಾನೇ ಕೊಂಡ್ಕೋತೀನಿ. ಬರ್ಲಿಲ್ವಾ, ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸೋದು ಬೇಡ."

ದೊಡ್ಡಮ್ಮ ಅವನಿಗೆ ನೆಂಟಳಲ್ಲ. ಥೊನ್‌ಬುರಿಯ ಆ ದೇವಾಲಯದ ಬೀದಿಯಲ್ಲಿ ಎಲ್ಲರಿಗೂ ಅವಳು ದೊಡ್ಡಮ್ಮನೇ. ಭಿಕ್ಷುಗಳಿಗೆ ಕೊಡುವ ಹಳದಿ ಬಕೆಟ್ಟುಗಳಲ್ಲಿ ಸೋಪು, ಟೂತ್‌ಪೇಸ್ಟು, ಮೀನಿನ ಡಬ್ಬಿ, ಚಾ ಪೊಟ್ಟಣ ತುಂಬಿ ಮಾರುವ ಅಂಗಡಿ ಅವಳದು. ಅದರ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದವನು ಮೊಟ್. ಕಾಗದಪತ್ರದಲ್ಲಿ ಅವನ ಹೆಸರು ಕಂಪೋನ್; ಮೊಟ್ ಎಂದರೆ ಇರುವೆ, ಹುಟ್ಟಿದಾಗ ಅಷ್ಟು ಸಣ್ಣಗಿದ್ದನಂತೆ. ಮೂವತ್ತನಾಲ್ಕರ ಗಂಡಸನ್ನು, ಮುದ್ರಣಾಲಯದ ಒಳ್ಳೆಯ ಕೆಲಸ ಬಿಟ್ಟು ಕಲೆಗೆ ಇಳಿದವನನ್ನು, ಬಕೆಟ್ ಮಾರುವ ಹೆಂಗಸು ಪರೀಕ್ಷೆಗೆ ಕೂರಿಸಿದ್ದಳು.

ಅವನು ಮಾಡಿದ್ದು ಫೋನಿನ ವಾಲ್‌ಪೇಪರು. ನಗಬೇಡಿ, ಆ ಊರಿನಲ್ಲಿ ಅರ್ಧ ಜನರ ಅದೃಷ್ಟ ಫೋನಿನ ಪರದೆಯ ಮೇಲೆಯೇ ಕೂತಿರುತ್ತದೆ. ಮೊಟ್‌ನದು ಪ್ರತಿ ಬೆಳಗ್ಗೆ ತಾನಾಗಿ ಬದಲಾಗುತ್ತಿತ್ತು: ಹುಟ್ಟಿದ ವಾರಕ್ಕೆ ತಕ್ಕ ದೇವರು, ಆ ದಿನಕ್ಕೆ ಆಗಿಬರುವ ಬಣ್ಣ, ದಿಕ್ಕು, ಒಂದು ಸಂಖ್ಯೆ. ಗಣೇಶ, ವೈಶ್ರವಣ, ಗರುಡ, ಎಲ್ಲರನ್ನೂ ಅವನು ಹೊಸದಾಗಿ ಬರೆದಿದ್ದ. ತಿಂಗಳಿಗಿಷ್ಟು ಎಂದು ಕಟ್ಟಿದರೆ ಸಾಕು. ಇದನ್ನು ಜನ ಮುಗಿಬಿದ್ದು ಕೊಳ್ಳುತ್ತಾರೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಹುಟ್ಟಿದ ವಾರದ ಯೋಚನೆ ಬಂದದ್ದೇ ಕೆಳಗಿನ ಅಂಗಡಿಯಿಂದ. ದೊಡ್ಡಮ್ಮ ಗಿರಾಕಿಯ ಹೆಸರು ಕೇಳುವುದಿಲ್ಲ, ವಾರ ಕೇಳುತ್ತಾಳೆ. ಅವಳ ಹಿಂದೆ ಎಂಟು ಡ್ರಾಯರುಗಳಲ್ಲಿ ರಿಬ್ಬನ್ನು. ಭಾನುವಾರದವರಿಗೆ ಕೆಂಪು, ಸೋಮವಾರಕ್ಕೆ ಹಳದಿ, ಮಂಗಳವಾರಕ್ಕೆ ಗುಲಾಬಿ, ಬುಧವಾರಕ್ಕೆ ಹಸಿರು, ಹೀಗೆ ಶನಿವಾರದ ನೇರಳೆಯವರೆಗೆ. ಎಂಟನೆಯದು ಕಪ್ಪು, ಬುಧವಾರ ಕತ್ತಲಾದ ಮೇಲೆ ಹುಟ್ಟಿದವರದು, ರಾಹುವಿನ ಪಾಲಿನವರದು. ಬಕೆಟ್ಟಿಗೆ ಅವರವರ ಬಣ್ಣ ಕಟ್ಟದೆ ಅವಳು ಯಾರನ್ನೂ ಕಳಿಸುವುದಿಲ್ಲ.

ಕೋಣೆ ಕೇಳಿಕೊಂಡು ಬಂದ ಮೊದಲ ದಿನವೇ ಅವನನ್ನೂ ಕೇಳಿದ್ದಳು. ಬುಧವಾರ ಎಂದ.

"ಹಗಲೋ, ರಾತ್ರಿಯೋ?"

"ಹಗಲು."

ಅದು ಸುಳ್ಳು. ಸುಫನ್‌ಬುರಿಯಲ್ಲಿ ಅವನ ಬಾಲ್ಯವೆಲ್ಲ ಕಪ್ಪಿನಲ್ಲೇ ಕಳೆದಿತ್ತು. ಜ್ವರ ಬಂದರೆ, ಪರೀಕ್ಷೆಯಲ್ಲಿ ನಪಾಸಾದರೆ, ಅಪ್ಪ ಮನೆಬಿಟ್ಟು ಹೋದಾಗಲೂ, ಅಮ್ಮ ಅವನ ಕೈಹಿಡಿದು ದೇವಾಲಯಕ್ಕೆ ಎಳೆಯುತ್ತಿದ್ದಳು. ಕರಿ ಕೋಳಿ, ಕರಿ ಅಂಟಕ್ಕಿ, ಕರಿ ಕಾಫಿ, ಕರಿ ಹಲ್ವ, ಎಣಿಸಿ ಎಂಟು ಕರಿ ಪದಾರ್ಥ ರಾಹುವಿನ ಮುಂದೆ ಇಡಿಸುತ್ತಿದ್ದಳು. ಶಾಲೆಯಲ್ಲಿ ಅವನಿಗೆ ಗ್ರಹಣ ಎಂದು ಅಡ್ಡಹೆಸರು. ಹದಿನೆಂಟಕ್ಕೆ ಊರು ಬಿಟ್ಟು ಬಸ್ಸು ಹತ್ತಿದಾಗಲೇ ಅವನು ತನ್ನ ಹುಟ್ಟನ್ನು ಹಗಲಿಗೆ ಬದಲಾಯಿಸಿಕೊಂಡಿದ್ದ. ಯಾರೂ ತಕರಾರು ಮಾಡಲಿಲ್ಲ. ದೊಡ್ಡಮ್ಮ ಪ್ರತಿ ಹೊಸವರ್ಷಕ್ಕೂ ಅವನಿಗೆ ಹಸಿರು ಕರವಸ್ತ್ರ ಕೊಡುತ್ತಿದ್ದಳು.

ಪುಟ ಮಾಡಿ ಹಾಕಿದ. ಹೆಸರು, ಊರು, ಹುಟ್ಟಿದ ತಾರೀಖು, ಎಂಟು ಬಣ್ಣಗಳಲ್ಲಿ ತಮ್ಮ ವಾರ, ಫೋನ್ ನಂಬರು. ಕೊನೆಗೆ, ನಿಮ್ಮ ಹುಟ್ಟಿನ ಬಗ್ಗೆ ವಿಶೇಷವೇನಾದರೂ ಇದ್ದರೆ ಬರೆಯಿರಿ ಎಂದು ಒಂದು ಖಾಲಿ ಜಾಗ. ಅದು ಆತ್ಮೀಯವಾಗಿ ಕಾಣುತ್ತದೆ ಎಂದು. ಗೆಳೆಯರಿಗೆ ಕಳಿಸಿದ, ಮುದ್ರಣಾಲಯದವರಿಗೆ ಕಳಿಸಿದ, ಮನಸ್ಸಿಲ್ಲದ ಮನಸ್ಸಿನಿಂದ ಊರಿನ ನೆಂಟರ ಗುಂಪಿಗೂ ಕಳಿಸಿದ. ಆಮೇಲೆ ಕೂತು ಕಾದ.

ನಾಲ್ಕು ದಿನಕ್ಕೆ ನಲವತ್ತು ಹೆಸರು. ನಲವತ್ತು ಸಾವಿರವಲ್ಲ, ನಾನೂರಲ್ಲ, ನಲವತ್ತು. ಮೊಟ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಹೆಬ್ಬೆರಳಿನ ಚರ್ಮ ಕಿತ್ತು ಕಿತ್ತು ರಕ್ತ ಬಂತು. ಮೆಟ್ಟಿಲಿಳಿದು ಹೋಗಿ ಕಡ್ಡಿಗೆ ಸಿಕ್ಕಿಸಿ ಸುಟ್ಟ ಹಂದಿಮಾಂಸ ಕೊಂಡ, ಎರಡು ತುಂಡು ತಿಂದು ಎಸೆದ, ಮತ್ತೆ ಹತ್ತಿ ಬಂದು ನೋಡಿದ. ನಲವತ್ತೇ. ಆ ಹೆಸರುಗಳನ್ನು ಓದುವ ಮನಸ್ಸೂ ಆಗಲಿಲ್ಲ. ಅವಮಾನದ ಪಟ್ಟಿಯನ್ನು ಯಾರು ಓದುತ್ತಾರೆ?

ಆ ಮಧ್ಯಾಹ್ನವೇ ಕೆಳಗೆ ದೊಡ್ಡಮ್ಮ ಮೊಣಕಾಲಿಗೆ ಕಾಯಿಸಿದ ಬಟ್ಟೆಗಂಟು ಒತ್ತಿಕೊಳ್ಳುತ್ತಾ ಸನಾನ್ ಮಾಮನ ಹತ್ತಿರ ಹೇಳುತ್ತಿದ್ದುದು ಕಿವಿಗೆ ಬಿತ್ತು. ಸನಾನ್ ಮಾಮ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಬೆಳಗಿನಿಂದ ಸಂಜೆಯವರೆಗೆ ಅಂಗಡಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಐಸ್ ಕಾಫಿ ಹೀರುತ್ತಾ ಲಾಟರಿ ನಂಬರು ಲೆಕ್ಕಹಾಕುವುದು ಅವನ ಈಗಿನ ಡ್ಯೂಟಿ.

"ಎರಡೂ ಮೊಣಕಾಲಿನ ಆಪರೇಷನ್‌ಗೆ ಅಂತ ಒಂಬತ್ತು ಲಕ್ಷ ಇಟ್ಟಿದ್ದೀನಲ್ಲ, ಆ ಹುಡುಗನ ಪಟ್ಟಿ ತುಂಬಿದ್ರೆ ಅದನ್ನೇ ಕೊಟ್ಬಿಡ್ತೀನಿ."

"ಮೊಣಕಾಲಿನ ಗತಿ?"

"ಅದೆಲ್ಲಿಗೆ ಓಡಿಹೋಗುತ್ತೆ? ಓಡೋಕಾಗದೇ ಇರೋದೇ ಅದರ ಕಾಯಿಲೆ."

ಇಬ್ಬರೂ ನಕ್ಕರು. ಮೆಟ್ಟಿಲ ಮೇಲೆ ನಿಂತಿದ್ದ ಮೊಟ್ ನಗಲಿಲ್ಲ. ಒಂಬತ್ತು ಲಕ್ಷ ಬಾತ್ ಹಣ ಅವನ ತಲೆಯೊಳಗೆ ನೊಣದ ಹಾಗೆ ಸುತ್ತತೊಡಗಿತು.

ಯೋಚಿಸಿದಷ್ಟೂ ಅದು ಅಪರಾಧದಂತೆ ಕಾಣಲಿಲ್ಲ. ಹೆಸರು ಬರೆಸಿದವರು ಕೊಳ್ಳಲೇಬೇಕೆಂದು ಯಾವ ಕಾನೂನಿದೆ? ಮದುವೆಗೆ ಬರುತ್ತೇನೆ ಎಂದವನು ಬರದಿದ್ದರೆ ಪೊಲೀಸರು ಬರುತ್ತಾರೆಯೇ? ಮೂರು ಸಾವಿರ ಹೆಸರು ಪಟ್ಟಿಯಲ್ಲಿರಬೇಕು, ದೊಡ್ಡಮ್ಮ ನಂಬಬೇಕು, ಚಿತ್ರಗಳು ಅವಳಿಗೆ, ಚೆಕ್ಕು ಇವನಿಗೆ. ಆಮೇಲೆ ಬಿಡುಗಡೆಯ ದಿನ ಯಾರೂ ಬರದೆ ಹೋದರೆ ಅದು ಗ್ರಹಚಾರ. ಗ್ರಹಚಾರವನ್ನು ಅಷ್ಟು ನಂಬುವವಳಿಗೆ ಅದನ್ನು ಅರ್ಥಮಾಡಿಸಬೇಕಾಗಿಯೇ ಇಲ್ಲ. ಅಷ್ಟರಲ್ಲಿ ಅವನು ಚಿಯಾಂಗ್‌ಮಾಯ್‌ನಲ್ಲಿ ಮನೆ ಮಾಡಿಕೊಂಡು ಚಿತ್ರ ಬರೆಯುತ್ತಿರುತ್ತಾನೆ. ಅವಳ ಮೊಣಕಾಲಿನ ನೆನಪು ಎರಡು ಸಲ ಬಂತು. ಎರಡು ಸಲವೂ, ಅದೆಲ್ಲಿಗೂ ಓಡಿಹೋಗುವುದಿಲ್ಲ ಎಂದು ಅವಳೇ ಹೇಳಿದ್ದಾಳಲ್ಲ ಎಂದುಕೊಂಡ.

ಕೆಲಸಕ್ಕೆ ಕೂತ ಮೇಲೆ ಅವನು ಕಲಾವಿದನೇ. ಒಂದೇ ದಿನ ಮೂರು ಸಾವಿರ ತುಂಬಿಸುವುದು ಮೂರ್ಖರ ದಾರಿ. ಮೊದಲ ದಿನ ಅರವತ್ತು, ಮರುದಿನ ನೂರಿಪ್ಪತ್ತು, ಆಮೇಲೆ ಒಂದು ದಿನ ಇಳಿಸಿ ತೊಂಬತ್ತು, ಆಮೇಲೆ ಏರಿಕೆ. ಹೆಸರುಗಳಿಗೆ ಮುದ್ರಣಾಲಯದ ಹನ್ನೊಂದು ವರ್ಷದ ಅನುಭವ ಇತ್ತು. ಸಾವಿರಾರು ಮದುವೆ ಕಾಗದ, ಪದವಿ ಪಟ್ಟಿ ಅಚ್ಚುಹಾಕಿದವನು. ಅರವತ್ತು ದಾಟಿದವರಿಗೆ ಒಂದು ತುತ್ತಿನ ಹೆಸರು, ಇಪ್ಪತ್ತರ ಹುಡುಗಿಯರಿಗೆ ಹೆತ್ತವರೇ ತಪ್ಪಿಲ್ಲದೆ ಬರೆಯಲಾರದಷ್ಟು ಉದ್ದದ ಹೆಸರು. ಮೂರರಲ್ಲಿ ಎರಡು ಪಾಲು ಹೆಂಗಸರು. ಈಶಾನ್ಯದ ಊರುಗಳಿಂದ ಹೆಚ್ಚು ಜನ, ದಕ್ಷಿಣದ ತುದಿಯ ಮುಸ್ಲಿಂ ಊರುಗಳಿಂದ ಯಾರೂ ಇಲ್ಲ.

ಹೊತ್ತನ್ನೂ ಬಿಡಲಿಲ್ಲ. ಊಟದ ಬಿಡುವಿನಲ್ಲಿ ಹೆಚ್ಚು, ಸಂಜೆಯ ಧಾರಾವಾಹಿ ನಡೆಯುವಾಗ ಕಡಿಮೆ, ಅದು ಮುಗಿದೊಡನೆ ಒಂದು ಜೋರು. ಲಾಟರಿ ಎಳೆಯುವ ಹದಿನಾರನೇ ತಾರೀಖಿನ ಹಿಂದಿನ ದಿನ ಎರಡು ಪಟ್ಟು. ಪಟ್ಟಿ ತೀರ ಚೊಕ್ಕಟವಾಗಿದ್ದರೆ ಸಂಶಯ. ಹಾಗಾಗಿ ಹದಿನೇಳು ಜನ ಎರಡೆರಡು ಸಲ ಬರೆಸಿದರು, ಒಬ್ಬಳು ಹೆಸರಿನ ಜಾಗದಲ್ಲಿ ಫೋನ್ ನಂಬರು ಹಾಕಿದಳು, ಒಬ್ಬ ಮುದುಕ ಖಾಲಿ ಜಾಗದಲ್ಲಿ ಸತ್ತ ಹೆಂಡತಿಯ ಬಗ್ಗೆ ನಾಲ್ಕು ಸಾಲು ಬರೆದ. ಆ ಮುದುಕನ ಬಗ್ಗೆ ಮೊಟ್‌ಗೇ ಕನಿಕರ ಹುಟ್ಟಿತು.

ಹುಟ್ಟಿದ ತಾರೀಖುಗಳನ್ನು ಮಾತ್ರ ತಾನು ಆರಿಸಲಿಲ್ಲ. ಮನುಷ್ಯ ಆರಿಸಿದರೆ ಇಷ್ಟದ ಸಂಖ್ಯೆಗಳೇ ಬರುತ್ತವೆ ಎಂದು ಅವನಿಗೆ ಗೊತ್ತಿತ್ತು. ಕಂಪ್ಯೂಟರಿಗೇ ಬಿಟ್ಟ. ತಾರೀಖನ್ನು ಅದೇ ಉದುರಿಸಿತು, ಅದರ ವಾರವನ್ನೂ ಅದೇ ಹುಡುಕಿ ಪಕ್ಕದಲ್ಲಿ ಬರೆಯಿತು. ಯಾವ ವಾರವೂ ಹೆಚ್ಚಾಗಿಲ್ಲ, ಯಾವುದೂ ಕಡಿಮೆಯಾಗಿಲ್ಲ ಎಂದು ಎರಡು ಸಲ ನೋಡಿದ. ಮಳೆ ಬೀಳುವಾಗ ಹನಿ ಬೀಳುವ ಹಾಗೆ ಸಮನಾಗಿತ್ತು.

ಇಷ್ಟಾದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕೆಳಗೆ ಯಾರಾದರೂ ಜೋರಾಗಿ ಮಾತಾಡಿದರೆ ಕೈಯಲ್ಲಿದ್ದ ಟ್ಯಾಬ್ ಮಗುಚಿಡುತ್ತಿದ್ದ. ಕಾಲು ತಾನಾಗಿ ಕುಣಿಯುತ್ತಿತ್ತು. ಹದಿಮೂರನೇ ದಿನ ಅಮ್ಮನ ಫೋನು ಬಂತು.

"ಊಟ ಆಯ್ತೇನೋ ಮೊಟ್? ನಿನ್ನ ಪುಟ ನೋಡ್ದೆ ಕಣೋ. ನನ್ನ ಕನ್ನಡಕ ಮುರಿದಿತ್ತಲ್ಲ, ನಿನ್ನೆ ಹೊಸದು ಬಂತು. ಗಣೇಶನ ಮುಖ ಎಷ್ಟು ಕಳೆಯಾಗಿ ಬರ್ದಿದ್ದೀಯಪ್ಪಾ..."

"ಅಮ್ಮಾ, ಕೆಲಸ ಇದೆ."

"ಯಾವಾಗ್ಲೂ ಕೆಲಸ. ದೇವಸ್ಥಾನಕ್ಕೆ ಹೋಗಿ ಎಷ್ಟು ವರ್ಷ ಆಯ್ತು ಹೇಳು? ನಾನು ಬಿಡ್ತೀನಾ, ನಿನ್ನ ಪರವಾಗಿ..."

"ಆಮೇಲೆ ಫೋನ್ ಮಾಡ್ತೀನಮ್ಮ."

ಮಾಡಲಿಲ್ಲ. ಹಾಗೆ ನೋಡಿದರೆ ವರ್ಷಗಳಿಂದ ಮಾಡಿರಲಿಲ್ಲ.

ಕೆಳಗೆ ಇಳಿದರೆ ದೊಡ್ಡಮ್ಮ ಕಾಯುತ್ತಿದ್ದಳು. ಕಪ್ಪು ರಿಬ್ಬನ್ನು ಮತ್ತೆ ಮುಗಿದಿತ್ತು, ಸಾಂಪೆಂಗ್ ಮಾರುಕಟ್ಟೆಗೆ ಹೋಗಿ ತರಬೇಕಂತೆ. "ಹೋದ ವಾರ ತಾನೇ ತಂದೆನಲ್ಲ" ಎಂದು ಗೊಣಗಿದ.

"ರಾಹುವಿನೋರಿಗೆ ಹೆದರಿಕೆ ಹೆಚ್ಚು ಮಗಾ. ಹೆದರಿಕೆ ಇದ್ದೋರೇ ನಮ್ಮ ಅನ್ನದಾತರು. ಹೋಗಿ ಬಾ, ಬರುವಾಗ ಕೋಳಿ ಅನ್ನ ತಗೊಂಡು ಬಾ, ನಿನಗೂ ಸೇರಿಸಿ."

ಬಿಸಿಲಿನಲ್ಲಿ ದೋಣಿ ಹತ್ತಿ ನದಿ ದಾಟಿ, ಇಕ್ಕಟ್ಟಿನ ಗಲ್ಲಿಗಳಲ್ಲಿ ಹೆಗಲು ತಿಕ್ಕಿಸಿಕೊಂಡು, ಎರಡು ಸುರುಳಿ ಕಪ್ಪು ರಿಬ್ಬನ್ನು ತಂದುಕೊಟ್ಟ. ಇದು ಕೊನೆಯ ಸಲ ಎಂದುಕೊಂಡಾಗ ಮಾತ್ರ ಸ್ವಲ್ಪ ಹಾಯೆನಿಸಿತು.

ಹದಿನಾಲ್ಕನೇ ದಿನ ಸಂಜೆ ಪಟ್ಟಿ ಮುಚ್ಚಿದ. ಮೂರು ಸಾವಿರದ ನೂರ ಹನ್ನೆರಡು. ಸರಿಯಾಗಿ ಮೂರು ಸಾವಿರವಾಗಿದ್ದರೆ ಕಟ್ಟುಕತೆ, ಐದು ಸಾವಿರವಾಗಿದ್ದರೆ ದುರಾಸೆ. ಅದರಲ್ಲಿ ಅವನು ಹುಟ್ಟಿಸಿದವರು ಮೂರು ಸಾವಿರದ ಎಪ್ಪತ್ತೊಂದು. ನಿಜವಾದ ನಲವತ್ತು ಕೊನೆಗಳಿಗೆಯಲ್ಲಿ ನಲವತ್ತೊಂದಾಗಿತ್ತು. ಯಾರೋ ಪಾಪ, ತಡವಾಗಿ ಎದ್ದವರು ಎಂದು ನಕ್ಕು, ಅವರನ್ನೂ ಹಾಗೆಯೇ ಬಿಟ್ಟ. ಹಾಲಿಲ್ಲದೆ ಬರೀ ನೀರು ಮಾರಲಾಗುವುದಿಲ್ಲವಲ್ಲ.

ದೊಡ್ಡಮ್ಮ ಸಂಖ್ಯೆ ಕೇಳಿ ಕೈಮುಗಿದಳು. ಆಮೇಲೆ, ಅವನು ಎಣಿಸಿದಂತೆಯೇ, "ನಾಲ್ಕು ಜನಕ್ಕೆ ಫೋನ್ ಮಾಡಿ ಮಾತಾಡ್ಲಾ?" ಎಂದಳು. ಪಟ್ಟಿಯಲ್ಲಿ ಎಲ್ಲರ ನಂಬರಿನ ಕೊನೆಯ ನಾಲ್ಕು ಅಂಕಿ ಮುಚ್ಚಿತ್ತು. ಬೇರೆಯವರ ವಿವರ ತೋರಿಸಬಾರದೆಂದು ಕಾನೂನಿದೆ ದೊಡ್ಡಮ್ಮ, ಆದರೂ ನಿಮಗಾಗಿ ಹತ್ತು ಜನರ ಒಪ್ಪಿಗೆ ಕೇಳಿದ್ದೇನೆ ಎಂದು ಒಂದು ಚೀಟಿ ಕೊಟ್ಟ. ನಿಜವಾದ ಪಟ್ಟಿಯ ಮೇಲಿನ ಹತ್ತು ಸಾಲು ಎತ್ತಿ ಬರೆದ ಚೀಟಿ. ಆರು ಜನ ಫೋನ್ ಎತ್ತಿದರು. ಒಬ್ಬಳಂತೂ ಗಂಡನ ಸಾಲ, ಮಗಳ ನೌಕರಿ, ನಾದಿನಿಯ ಕಣ್ಣು ಎಂದು ಅರ್ಧ ಗಂಟೆ ಮಾತಾಡಿ, ಬೇಗ ತನ್ನಿ ಎಂದಳು. ಫೋನಿಟ್ಟ ದೊಡ್ಡಮ್ಮನ ಮುಖ ಹಬ್ಬದ ಮನೆಯಾಗಿತ್ತು.

ಕೊನೆಯ ಮೊಳೆಯನ್ನು ಮೊಟ್ ತಾನೇ ಹೊಡೆದ. ಇಡೀ ಪಟ್ಟಿಯನ್ನು ಅಚ್ಚುಹಾಕಿಸಿ, ಸರ್ಕಾರಿ ಕಚೇರಿಗೆ ಕೊಡುವ ಪ್ರತಿಯ ಹಾಗೆ ಒಂದೊಂದು ಹಾಳೆಯ ಮೇಲೂ "ಅಸಲು ಪ್ರತಿಗೆ ಸರಿಯಾಗಿದೆ" ಎಂದು ನೀಲಿ ಶಾಯಿಯಲ್ಲಿ ಬರೆದು ಸಹಿ ಮಾಡಿದ. ಮೇಲೊಂದು ಹಾಳೆ: ಈ ಹೆಸರುಗಳೆಲ್ಲ ತಾವಾಗಿ ಬಂದವು, ಸುಳ್ಳೆಂದು ಕಂಡರೆ ಕಾನೂನಿನ ಪ್ರಕಾರ ನಾನೇ ಹೊಣೆ.

"ಇಷ್ಟೆಲ್ಲಾ ಯಾರು ಕೇಳಿದ್ರಪ್ಪಾ ನಿನ್ನ?" ಎಂದ ಸನಾನ್ ಮಾಮ, ಸಾಕ್ಷಿಯ ಜಾಗದಲ್ಲಿ ಸಹಿ ಹಾಕುತ್ತಾ.

"ಪೊಲೀಸಿನೋರ ಮುಂದೆ ಎಲ್ಲಾ ನೆಟ್ಟಗಿರ್ಬೇಕಲ್ಲ ಮಾಮ."

"ನನ್ನ ಸರ್ವಿಸ್‌ನಲ್ಲಿ ನಿನ್ನಂಥೋರು ನಾಲ್ಕು ಜನ ಸಿಕ್ಕಿದ್ರೆ ನಾನು ಕೂತಲ್ಲೇ ನಿದ್ದೆ ಮಾಡ್ತಿದ್ದೆ."

"ಈಗೇನು ಮಾಡ್ತಿದ್ದೀಯ ಮತ್ತೆ?" ಎಂದಳು ದೊಡ್ಡಮ್ಮ.

ಗುರುವಾರ ಬೆಳಗ್ಗೆ ಒಂಬತ್ತು ಗಂಟೆ ಒಂಬತ್ತು ನಿಮಿಷಕ್ಕೆ ಮುಹೂರ್ತ. ಗಲ್ಲಾದ ಮೇಲೆ ಚೆಕ್ಕು, ಅದರ ಮೇಲೆ ಹಾರಿಹೋಗದಂತೆ ಮೀನಿನ ಡಬ್ಬಿ. ಇನ್ನೂ ಇಪ್ಪತ್ತು ನಿಮಿಷ ಇತ್ತು. ದೊಡ್ಡಮ್ಮ ಸುಮ್ಮನೆ ಕೂರುವವಳಲ್ಲ, ಪೆನ್ಸಿಲ್ ತೆಗೆದುಕೊಂಡಳು.

"ಹೆಸರು ಬರೆಸಿದೋರಿಗೆಲ್ಲಾ ನನ್ನ ಕಡೆಯಿಂದ ಮಣಿಕಟ್ಟಿಗೆ ಕಟ್ಕೊಳ್ಳೋಕೆ ಒಂದೊಂದು ತುಂಡು ರಿಬ್ಬನ್ ಕಳಿಸ್ತೀನಿ ಕಣೋ. ನಮ್ಮನ್ನ ನಂಬಿ ಬಂದೋರಲ್ವಾ? ವಾರದ ಪ್ರಕಾರ ಎಷ್ಟೆಷ್ಟು ಜನ ಅಂತ ಹೇಳು, ಇವತ್ತೇ ಸಾಂಪೆಂಗ್‌ಗೆ ಆರ್ಡರ್ ಕೊಡ್ತೀನಿ."

ಸತ್ತ ಹೆಂಡತಿಯ ಮುದುಕನಿಗೂ ಒಂದು ರಿಬ್ಬನ್ನು ಹೋಗುತ್ತದೆ ಎಂದು ಮೊಟ್‌ಗೆ ನಗು ಒತ್ತಿಬಂತು. ಟ್ಯಾಬನ್ನು ಅವಳ ಕಡೆಗೇ ತಿರುಗಿಸಿಟ್ಟು, ವಾರದ ಪಟ್ಟಿ ತೆರೆದು ಓದಿದ. ಕೆಂಪು ನಾನೂರ ನಲವತ್ತಾರು. ಹಳದಿ ನಾನೂರ ಮೂವತ್ತೊಂಬತ್ತು. ಗುಲಾಬಿ ನಾನೂರ ಐವತ್ತೊಂದು. ಹಸಿರು ನಾನೂರ ನಲವತ್ತೆರಡು. ಕಿತ್ತಳೆ, ನೀಲಿ, ನೇರಳೆ, ಎಲ್ಲವೂ ಅಷ್ಟಷ್ಟೇ, ಅಣ್ಣತಮ್ಮಂದಿರ ಪಾಲಿನ ಹಾಗೆ. ಎರಡು ವಾರದಿಂದ ಕುಣಿಯುತ್ತಿದ್ದ ಅವನ ಕಾಲು ಅಷ್ಟುಹೊತ್ತಿಗೆ ನಿಂತಿತ್ತು.

"ಇನ್ನು ಕಪ್ಪು" ಎಂದಳು ದೊಡ್ಡಮ್ಮ. ಮೊಟ್ ಪರದೆಯ ಕೊನೆಯ ಸಾಲು ನೋಡಿದ. ಕಪ್ಪಿನ ಮುಂದೆ ಒಂದು ಎಂದಿತ್ತು. ತಾರೀಖಿನಿಂದ ಕಂಪ್ಯೂಟರು ವಾರವನ್ನು ಹುಡುಕುತ್ತದೆ, ಹೊತ್ತನ್ನು ಹುಡುಕುವುದಿಲ್ಲ. ಅವನು ಹುಟ್ಟಿಸಿದ ಬುಧವಾರದವರೆಲ್ಲ ಅವನ ಹಾಗೆಯೇ ಹಗಲಿನಲ್ಲಿ ಹುಟ್ಟಿಬಿಟ್ಟಿದ್ದರು. "ಒಂದಾ?" ದೊಡ್ಡಮ್ಮ ಹಿಂದೆ ತಿರುಗಿ ಎಂಟನೆಯ ಡ್ರಾಯರು ಎಳೆದಳು; ಅವನು ತಂದ ಎರಡು ಸುರುಳಿಯಲ್ಲಿ ಆಗಲೇ ಒಂದು ಮುಗಿದಿತ್ತು. "ಮೂವತ್ತು ವರ್ಷದಿಂದ ಇಲ್ಲಿ ಮೊದಲು ಖಾಲಿಯಾಗೋದೇ ಇದು. ಮೂರು ಸಾವಿರ ಜನದಲ್ಲಿ ರಾಹುವಿನೋರು ಒಬ್ಬರೇ ಏನೋ?" ಸನಾನ್ ಮಾಮ ಕಾಫಿ ಲೋಟ ಕೆಳಗಿಟ್ಟು, ನೀಲಿ ಸಹಿಯ ಕಾಗದದ ಕಟ್ಟನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. ಮೊಟ್ ಟ್ಯಾಬಿಗೆ ಕೈಚಾಚುವಷ್ಟರಲ್ಲಿ ದೊಡ್ಡಮ್ಮ ಆ ಒಂದರ ಮೇಲೆ ಬೆರಳೊತ್ತಿದ್ದಳು. ಕಂಪೋನ್, ಸುಫನ್‌ಬುರಿ ಎಂದು ಸಾಲು ತೆರೆದುಕೊಂಡಿತು. ಅದರ ಕೆಳಗೆ, ಆತ್ಮೀಯವಾಗಿ ಕಾಣಲೆಂದು ಅವನೇ ಇಟ್ಟಿದ್ದ ಖಾಲಿ ಜಾಗದಲ್ಲಿ ಬರೆದಿದ್ದುದನ್ನು ಅವಳು ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಪದ, ಗಟ್ಟಿಯಾಗಿ ಓದಿದಳು: "ಇವನು ನನ್ನ ಮಗ. ಹುಟ್ಟಿದ್ದು ಬುಧವಾರ ರಾತ್ರಿ ಎಂಟೂ ಕಾಲಿಗೆ. ಎಲ್ಲರ ಹತ್ರ ಹಗಲು ಅಂತ ಸುಳ್ಳು ಹೇಳ್ಕೊಂಡು ತಿರುಗ್ತಾನೆ, ನಂಬಬೇಡಿ."